ನಡೆಯುವವರಿಗೆ ಆಕಾಶ, ಸೈಕಲ್ಲಿಗೆ ಊರಾಚೆ

2023ರ ಅಕ್ಟೋಬರ್ 1ರಂದು ಹೈದರಾಬಾದಿನ ಔಟರ್ ರಿಂಗ್ ರೋಡಿನ ಪಕ್ಕದಲ್ಲಿ ಸೌರ ಚಾವಣಿಯ ಸೈಕಲ್ ದಾರಿಯೊಂದು ಉದ್ಘಾಟನೆಯಾಯಿತು. ಒಟ್ಟು 23 ಕಿಲೋಮೀಟರ್ ಉದ್ದ, ನಾಲ್ಕೂವರೆ ಮೀಟರ್ ಅಗಲ. ತಲೆಯ ಮೇಲೆ 16 ಮೆಗಾವಾಟ್ ಸಾಮರ್ಥ್ಯದ ಸೌರ ಫಲಕಗಳು, ಅವುಗಳ ಕೆಳಗೆ ನೆರಳು. ನಾನಕ್‌ರಾಮ್‌ಗುಡದಿಂದ ಪೊಲೀಸ್ ಅಕಾಡೆಮಿಯ ಕಡೆಗೆ ಒಂದು ತುಂಡು, ನಾರ್ಸಿಂಗಿಯಿಂದ ಕೊಲ್ಲೂರಿನ ಕಡೆಗೆ ಇನ್ನೊಂದು. ದಕ್ಷಿಣ ಕೊರಿಯಾದಲ್ಲಿ ಹೆದ್ದಾರಿಯ ನಡುವೆ ಇಂಥದೊಂದು ದಾರಿಯಿದೆ. ಅದರ ಮಾದರಿಯಲ್ಲಿ ಇದನ್ನು ಕಟ್ಟಿದರು. ಕೆಲಸ ಚೊಕ್ಕವಾಗಿದೆ, ಅದರಲ್ಲಿ ತಕರಾರಿಲ್ಲ.

ತಕರಾರಿರುವುದು ಅದು ಇರುವ ಜಾಗದ ಬಗ್ಗೆ. ಹೈದರಾಬಾದಿನಲ್ಲಿ ದಿನವೂ ಸೈಕಲ್ ತುಳಿಯುವವರು ಪೇಪರ್ ಹಾಕುವ ಹುಡುಗರು, ಹಾಲಿನವರು, ರಾತ್ರಿ ಪಾಳಿ ಮುಗಿಸಿದ ವಾಚ್‌ಮನ್‌ಗಳು, ಕಟ್ಟಡ ಕೆಲಸದವರು, ಚಾಕು ಸಾಣೆ ಹಿಡಿಯುವವರು. ಇವರ ಓಡಾಟ ಕೋಠಿ, ಅಫ್ಜಲ್‌ಗಂಜ್, ಕೂಕಟ್‌ಪಲ್ಲಿ, ಸಿಕಂದರಾಬಾದಿನ ಒಳರಸ್ತೆಗಳಲ್ಲಿ. ಸೌರ ದಾರಿಗೆ ಸೈಕಲ್ ತರುವ ಅನೇಕರು ಅದನ್ನು ಕಾರಿನ ಹಿಂದೆ ಕಟ್ಟಿಕೊಂಡು ಬರುತ್ತಾರೆ. ಒಂದು ಸುತ್ತು ತುಳಿದು ಮತ್ತೆ ಕಾರಿನಲ್ಲೇ ಮನೆಗೆ ಹೋಗುತ್ತಾರೆ. ವ್ಯಾಯಾಮಕ್ಕೆ ಒಳ್ಳೆಯದೇ. ಆದರೆ ಊರೊಳಗಿನ ರಸ್ತೆಯಲ್ಲಿ ಸೈಕಲ್ಲಿಗೆ ಒಂದು ಗೇಣು ಜಾಗ ಕೊಡದೆ ಊರಾಚೆ ಚಾವಣಿ ಹಾಕಿಸುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿಸಿದಂತೆ.

ಕಳೆದ ಎರಡು ದಶಕಗಳಲ್ಲಿ ಈ ನಗರ ನಡೆಯುವವರಿಗೂ ಸೈಕಲ್ಲಿನವರಿಗೂ ಏನೂ ಮಾಡಿಲ್ಲ ಎನ್ನುವುದು ಸುಳ್ಳು. ಸ್ಕೈವಾಕ್ ಕಟ್ಟಿದೆ, ಕೆರೆಯ ಏರಿಯನ್ನು ಸಿಂಗರಿಸಿದೆ, ಉದ್ಯಾನದ ಸುತ್ತ ನಡಿಗೆಪಥ ಮಾಡಿದೆ, ಚಾರ್‌ಮಿನಾರಿನ ಸುತ್ತ ಕಲ್ಲು ಹಾಸಿದೆ. ಇವುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಚಾಳಿ ಕಣ್ಣಿಗೆ ಬೀಳುತ್ತದೆ. ಪಾದಚಾರಿಯನ್ನು ಮೇಲಕ್ಕೆ ಹತ್ತಿಸುತ್ತಾರೆ, ಸೈಕಲ್ಲನ್ನು ಊರಾಚೆ ಕಳಿಸುತ್ತಾರೆ, ವಿಹಾರಕ್ಕೆ ವಾರಕ್ಕೊಂದು ಸಂಜೆ ಗೊತ್ತು ಮಾಡುತ್ತಾರೆ. ಡಾಂಬರು ರಸ್ತೆಯ ಅಗಲವನ್ನು ಮಾತ್ರ ಯಾರೂ ಮುಟ್ಟುವುದಿಲ್ಲ.

ಬೀದರ್, ಕಲಬುರಗಿ, ರಾಯಚೂರಿನ ಕಡೆಯವರಿಗೆ ಇದು ದೂರದ ಊರಿನ ಸುದ್ದಿಯಲ್ಲ. ಆಸ್ಪತ್ರೆಗೆಂದೋ ಮದುವೆಯ ಬಟ್ಟೆಗೆಂದೋ ಹೈದರಾಬಾದಿಗೆ ಹೋಗಿ ಬರುವುದು ಆ ಜಿಲ್ಲೆಗಳ ಹಳೆಯ ರೂಢಿ. ನಮ್ಮ ಬಸ್ಸುಗಳು ಮೂಸಿ ನದಿಯ ನಡುಗಡ್ಡೆಯಲ್ಲಿರುವ ಮಹಾತ್ಮ ಗಾಂಧಿ ಬಸ್ ನಿಲ್ದಾಣಕ್ಕೆ ಬಂದು ನಿಲ್ಲುತ್ತವೆ. ಊರಿನವರ ಬಾಯಲ್ಲಿ ಅದು ಇಮ್ಲಿಬನ್. ಅಲ್ಲಿಂದ ಉಸ್ಮಾನಿಯಾ ಆಸ್ಪತ್ರೆ ಕಣ್ಣಳತೆಯ ದೂರ. ನಾಯಾಪುಲ್ ದಾಟಿ, ಮದೀನಾ ಸರ್ಕಲ್ ಹಾಯ್ದು, ಪತ್ಥರ್‌ಗಟ್ಟಿಯ ಉದ್ದಕ್ಕೂ ಹೋದರೆ ಚಾರ್‌ಮಿನಾರ್ ಎರಡು ಕಿಲೋಮೀಟರ್ ಒಳಗೇ. ಕಾಲು ಗಟ್ಟಿಯಿದ್ದವರಿಗೆ ಅರ್ಧ ಗಂಟೆಯ ದಾರಿ. ಆದರೂ ಗಂಟುಮೂಟೆ ಹಿಡಿದು ಇಳಿದವರು ಆಟೋ ಹಿಡಿಯುತ್ತಾರೆ. ನಡುವೆ ರಸ್ತೆ ದಾಟಬೇಕಾದ ಜಾಗಗಳ ಭಯವೇ ಅದಕ್ಕೆ ಮುಖ್ಯ ಕಾರಣ.

ಇದೇ ದಾರಿ ನೂರು ವರ್ಷದ ಹಿಂದೆ ನಡೆಯುವವರಿಗೆಂದೇ ಯೋಜಿಸಿದ್ದು ಎಂಬುದು ಈ ಕಥೆಯ ಸ್ವಾರಸ್ಯ. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ನಗರದ ದೊಡ್ಡ ಭಾಗ ಕೊಚ್ಚಿಹೋಯಿತು. ಸಾವಿರಾರು ಜನ ಸತ್ತರು. ಮರುವರ್ಷ ನಿಜಾಮ ಸರ್ಕಾರ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ಕರೆಸಿತು. ನದಿಯ ಮೇಲ್ಭಾಗದಲ್ಲಿ ಜಲಾಶಯ ಕಟ್ಟಿ ಪ್ರವಾಹ ತಡೆಯುವುದು, ನಗರಕ್ಕೆ ಒಳಚರಂಡಿ ಹಾಕುವುದು ಅವರ ಸಲಹೆ. ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರಗಳು ಅದರ ಫಲ. 1912ರಲ್ಲಿ ನಗರ ಸುಧಾರಣಾ ಮಂಡಳಿ ಹುಟ್ಟಿತು. ನಾಯಾಪುಲ್‌ನಿಂದ ಚಾರ್‌ಮಿನಾರಿಗೆ ಹೋಗುವ ಪತ್ಥರ್‌ಗಟ್ಟಿಯ ಕಮಾನಿನ ಅಂಗಡಿಸಾಲು ಆ ಮಂಡಳಿಯ ಕಾಲದ ಕೆಲಸ. ಕೆಳಗೆ ಅಂಗಡಿ, ಮೇಲೆ ಮನೆ, ಅಂಗಡಿಯ ಮುಂದೆ ಸಾಲು ಕಲ್ಲುಕಮಾನು, ಕಮಾನಿನ ಒಳಗೆ ನೆರಳಿನ ನಡೆದಾರಿ. ಮೇ ತಿಂಗಳ ಬಿಸಿಲಿನಲ್ಲೂ ಗಿರಾಕಿ ಅಂಗಡಿಯಿಂದ ಅಂಗಡಿಗೆ ತಲೆ ಸುಡಿಸಿಕೊಳ್ಳದೆ ಹೋಗಲಿ ಎಂಬ ಲೆಕ್ಕಾಚಾರ. ಫುಟ್‌ಪಾತು ಪಾಶ್ಚಾತ್ಯರ ಶೋಕಿ, ನಮ್ಮ ಹವೆಗೆ ಹೊಂದದು ಎನ್ನುವವರನ್ನು ಒಮ್ಮೆ ಈ ಕಮಾನುಗಳ ಕೆಳಗೆ ಕರೆದೊಯ್ಯಬೇಕು. ಈಗ ಅಲ್ಲಿ ಅಂಗಡಿಯ ಸರಕು ಕಮಾನಿನವರೆಗೆ ಬಂದಿದೆ, ಕಮಾನಿನಾಚೆ ಬೈಕುಗಳು ಸಾಲುಗಟ್ಟಿವೆ, ಬೈಕಿನಾಚೆ ತಳ್ಳುಗಾಡಿಗಳು. ನಡೆಯುವವನು ನಾಲ್ಕನೆಯ ಸಾಲಿನಲ್ಲಿ, ಅಂದರೆ ಆಟೋಗಳ ನಡುವೆ.

ಚಾರ್‌ಮಿನಾರಿನ ಸುತ್ತ ಆದ ಪ್ರಯೋಗವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನಗರ ನಿಜವಾಗಿ ರಸ್ತೆಯನ್ನೇ ಮುಟ್ಟಿದ್ದು ಇಲ್ಲಿ ಮಾತ್ರ ಎನ್ನಬಹುದು. 1591ರ ಈ ಕಟ್ಟಡ ಹಲವು ದಶಕ ಒಂದು ಟ್ರಾಫಿಕ್ ಸರ್ಕಲ್ ಆಗಿತ್ತು. ನಾಲ್ಕೂ ಕಡೆಯಿಂದ ಬಸ್ಸು, ಲಾರಿ, ಆಟೋ ಬಂದು ಅದಕ್ಕೆ ಪ್ರದಕ್ಷಿಣೆ ಹಾಕಿ ಹೋಗುತ್ತಿದ್ದವು. ಹೊಗೆಯಿಂದ ಸುಣ್ಣದ ಗಾರೆ ಕಪ್ಪಾಗುತ್ತಿದೆ, ಅದುರುವಿಕೆಯಿಂದ ಕಟ್ಟಡಕ್ಕೆ ಅಪಾಯ ಎಂಬ ಕೂಗು ಎದ್ದಿತು. ಚಾರ್‌ಮಿನಾರ್ ಪಾದಚಾರಿ ಯೋಜನೆ ಈ ಶತಮಾನದ ಆರಂಭದ ವರ್ಷಗಳಲ್ಲಿ ರೂಪುಗೊಂಡು, ಕುಂಟುತ್ತ ಸಾಗಿ, 2017ರ ಆಸುಪಾಸಿನಲ್ಲಿ ಸ್ಮಾರಕದ ಸುತ್ತ ವಾಹನ ಸಂಚಾರ ನಿಲ್ಲುವ ಹಂತಕ್ಕೆ ಬಂತು. ಗುಲ್ಜಾರ್ ಹೌಜ್‌ನಿಂದ ಚಾರ್‌ಮಿನಾರಿನವರೆಗೆ ಗ್ರಾನೈಟ್ ಹಾಸು ಬಂತು. ಗಮನಿಸಿ: ವಾಹನ ದೂರ ಹೋದದ್ದು ಕಲ್ಲಿನ ಆರೋಗ್ಯಕ್ಕಾಗಿ. ಅಲ್ಲಿ ಪೀಳಿಗೆಗಳಿಂದ ಅದೇ ಹೊಗೆ ಕುಡಿಯುತ್ತಿದ್ದ ಬಳೆಗಾರರಿಗೂ ಹಣ್ಣಿನವರಿಗೂ ಆ ಭಾಗ್ಯ ಕಟ್ಟಡದ ಬೆನ್ನಿಗೆ ಬಂತು.

ಫಲ ಏನು ಎಂದು ಕೇಳಿದರೆ ಉತ್ತರ ಎರಡು ಬಗೆಯದು. ಸಂಜೆ ಅಲ್ಲಿ ನಿಂತು ನೋಡಿ: ಮಕ್ಕಳು ಕೈ ಬಿಡಿಸಿಕೊಂಡು ಓಡುತ್ತವೆ, ತಾಯಂದಿರು ಗದರಿಸುವುದಿಲ್ಲ. ರಸ್ತೆಯಲ್ಲಿ ಮಗುವಿನ ಕೈ ಬಿಡಬಹುದೇ ಎಂಬುದೇ ಸುರಕ್ಷಿತ ಬೀದಿಯ ಅಸಲಿ ಪರೀಕ್ಷೆ ಎಂದು ನನಗನ್ನಿಸುತ್ತದೆ. ಆ ಪರೀಕ್ಷೆಯಲ್ಲಿ ಚಾರ್‌ಮಿನಾರ್ ಪಾಸು. ಲಾಡ್ ಬಜಾರಿಗೆ ಬಳೆ ಕೊಳ್ಳಲು ಬಂದವರು ತಿರುಗಿ ನೋಡುತ್ತ ನಿಲ್ಲುತ್ತಾರೆ, ಮತ್ತೊಂದು ಅಂಗಡಿಗೆ ಹೊಗುತ್ತಾರೆ. ವಾಹನ ನಿಂತರೆ ವ್ಯಾಪಾರ ಸಾಯುತ್ತದೆಂಬ ಭಯ ಎಲ್ಲ ಊರಿನ ವ್ಯಾಪಾರಿಗಳಿಗೂ ಇರುತ್ತದೆ. ಇಲ್ಲಿ ಅದು ನಿಜವಾದಂತೆ ಕಾಣುವುದಿಲ್ಲ.

ಇನ್ನೊಂದು ಮುಖವೂ ಇದೆ. ಓಡಾಡುವ ವಾಹನ ಮಾಯವಾಗಲಿಲ್ಲ, ಸುತ್ತಲಿನ ಗಲ್ಲಿಗಳಿಗೆ ಹೋಯಿತು. ಯೋಜನೆಯಲ್ಲಿ ಸ್ಮಾರಕವನ್ನು ಬಳಸಿಕೊಂಡು ಹೋಗುವ ಸುತ್ತುರಸ್ತೆಗಳಿದ್ದವು, ಪಾರ್ಕಿಂಗ್ ಕಟ್ಟಡಗಳಿದ್ದವು. ಅವಕ್ಕೆ ಮನೆ, ಅಂಗಡಿ ಒಡೆದು ಜಾಗ ತೆಗೆಯಬೇಕಿತ್ತು, ಹಳೆಯ ಊರಿನಲ್ಲಿ ಅದು ಸಲೀಸಲ್ಲ. ಹೀಗಾಗಿ ಮುಂದಿನ ಅಂಗಳ ಹಸನಾಯಿತು, ಹಿಂದಿನ ಓಣಿಯವರ ಪಾಡು ಬಿಗಡಾಯಿಸಿತು. ವಾಹನ ಬಿಟ್ಟುಕೊಟ್ಟ ಜಾಗಕ್ಕೆ ಬೀದಿ ವ್ಯಾಪಾರಿಗಳು ಬಂದರು, ಪೊಲೀಸರು ಎಬ್ಬಿಸಿದರು, ಅವರು ಮತ್ತೆ ಬಂದರು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಹೇಳುವಂತೆ ಮೊದಲೇ ಎಣಿಸಿ, ಗುರುತುಪತ್ರ ಕೊಟ್ಟು, ನಕ್ಷೆಯಲ್ಲಿ ಅವರ ಜಾಗ ಬರೆದು ಕಲ್ಲು ಹಾಸಿದ್ದರೆ ಈ ಕಣ್ಣಾಮುಚ್ಚಾಲೆ ಬೇಕಿರಲಿಲ್ಲ. ಚೆನ್ನೈನಲ್ಲಿ 2019ರಲ್ಲಿ ಪಾಂಡಿ ಬಜಾರ್ ರಸ್ತೆಯನ್ನು ಅಗಲ ಫುಟ್‌ಪಾತಿನ ರಸ್ತೆಯಾಗಿ ಬದಲಿಸುವ ಕೆಲವು ವರ್ಷ ಮುಂಚೆಯೇ ಅಲ್ಲಿನ ವ್ಯಾಪಾರಿಗಳಿಗೆ ಪಕ್ಕದಲ್ಲೇ ಮಳಿಗೆ ಸಂಕೀರ್ಣ ಕಟ್ಟಿಕೊಟ್ಟಿದ್ದರು. ಅದು ದೋಷವಿಲ್ಲದ ಏರ್ಪಾಟೇನಲ್ಲ. ಮಹಡಿ ಹತ್ತಿ ಬರುವ ಗಿರಾಕಿ ಬೀದಿಯ ಗಿರಾಕಿಗಿಂತ ಕಡಿಮೆ. ಆದರೂ ಮೊದಲು ವ್ಯಾಪಾರಿ, ಆಮೇಲೆ ಕಲ್ಲು ಎಂಬ ಕ್ರಮವಾದರೂ ಸರಿಯಿತ್ತು.

ನನ್ನ ಮಟ್ಟಿಗೆ ಬೀದಿ ವ್ಯಾಪಾರಿ ನಡೆಯುವವರ ಶತ್ರುವಲ್ಲ. ರಾತ್ರಿ ಒಂಬತ್ತರ ಮೇಲೆ ಒಂಟಿಯಾಗಿ ಬಸ್ಸಿಗೆ ಕಾಯುವ ಹೆಂಗಸಿಗೆ ಪಕ್ಕದಲ್ಲಿ ಮಿರ್ಚಿ ಬಜ್ಜಿಯ ಬಂಡಿಯೊಂದು ಉರಿಯುತ್ತಿದ್ದರೆ ಬರುವ ಧೈರ್ಯ ಯಾವ ಸಿಸಿಟಿವಿಯೂ ಕೊಡದು. ಬಂಡಿ ಇರಬೇಕಾದ ಜಾಗ ಬೇರೆ, ಕಾಲಿನ ಜಾಗ ಬೇರೆ, ಅಷ್ಟೆ. ತೆಲಂಗಾಣದಲ್ಲಿ 2023ರ ಡಿಸೆಂಬರ್ 9ರಿಂದ, ನಮ್ಮ ಶಕ್ತಿ ಯೋಜನೆಯ ಆರು ತಿಂಗಳ ನಂತರ, ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾಯಿತು. ಬಸ್ಸು ಹತ್ತುವವರೆಲ್ಲ ಎರಡೂ ತುದಿಯಲ್ಲಿ ಪಾದಚಾರಿಗಳೇ. ಟಿಕೆಟ್ಟಿನ ಹಣ ಸರ್ಕಾರ ಕಟ್ಟಿತು, ಬಸ್ ಸ್ಟಾಪಿನವರೆಗಿನ ದಾರಿ ಹಾಗೇ ಉಳಿಯಿತು.

ಇನ್ನು ರಸ್ತೆ ದಾಟುವ ಮಾತು. ಉಪ್ಪಲ್ ಚೌರಸ್ತಾದಲ್ಲಿ 2023ರ ಜೂನ್‌ನಲ್ಲಿ ತೆರೆದ ಸ್ಕೈವಾಕ್ ಭಾರಿಯಾದದ್ದು: ಜಂಕ್ಷನ್ನನ್ನು ಬಳಸಿ ಸುಮಾರು 660 ಮೀಟರ್ ಉದ್ದದ ಉಂಗುರ, ಲಿಫ್ಟು, ಎಸ್ಕಲೇಟರು, ಮೆಟ್ರೊ ನಿಲ್ದಾಣಕ್ಕೆ ನೇರ ದಾರಿ. ಮೆಹದಿಪಟ್ಟಣದಲ್ಲಿ ಇನ್ನೊಂದು ಕೈಗೆತ್ತಿಕೊಂಡರು, ರಕ್ಷಣಾ ಇಲಾಖೆಯ ಜಾಗದ ತಕರಾರಿನಲ್ಲಿ ವರ್ಷಗಟ್ಟಲೆ ತಡವಾಯಿತು. ಉಪ್ಪಲ್‌ನಂಥ ಹೆದ್ದಾರಿ ಕೂಡುವ ಜಾಗದಲ್ಲಿ ಸ್ಕೈವಾಕ್ ಬೇಕೇನೋ ಸರಿ. ಆದರೆ ಊರ ತುಂಬ ಅದೇ ಮದ್ದಾದರೆ? ರಸ್ತೆಯ ಆಚೆ ಬದಿಯ ಔಷಧದಂಗಡಿಗೆ ಹೋಗಲು ಮೊಣಕಾಲು ನೋವಿನ ಅಜ್ಜಿ ಎರಡು ಮಹಡಿಯೆತ್ತರ ಹತ್ತಿ ಇಳಿಯಬೇಕು. ಲಿಫ್ಟು ಕೆಟ್ಟ ದಿನ ಅವಳು ಡಿವೈಡರ್ ಸಂದಿಯಲ್ಲಿ ನುಸುಳುತ್ತಾಳೆ. ಏನಾದರೂ ಆದರೆ ‘ಫುಟ್ ಓವರ್ ಬ್ರಿಜ್ ಇದ್ದರೂ ಬಳಸಲಿಲ್ಲ’ ಎಂದು ತಪ್ಪು ಅವಳ ತಲೆಗೇ. ಟನ್ನುಗಟ್ಟಲೆ ತೂಕದ, ಎಂಜಿನ್ ಇರುವ ವಾಹನ ಸಮತಟ್ಟಿನಲ್ಲಿ ಹೋಗಲಿ ಎಂದು ಎಂಜಿನ್ ಇಲ್ಲದ ಮನುಷ್ಯನನ್ನು ಏರಿಸುವುದು ಯಾವ ನ್ಯಾಯ ಎಂದು ಯಾರೂ ಕೇಳುವುದಿಲ್ಲ.

ನೆಲದ ಮೇಲೆ ದಾಟುವುದಕ್ಕೆ ಬೇಕಾದುದು ಸಿಗ್ನಲ್ಲು ಮತ್ತು ಸಮಯ. ಆರೋಗ್ಯವಂತರು ಸೆಕೆಂಡಿಗೆ ಸುಮಾರು 1.2 ಮೀಟರ್ ನಡೆಯುತ್ತಾರೆ ಎಂಬ ಲೆಕ್ಕದಲ್ಲಿ 24 ಮೀಟರ್ ಅಗಲದ ರಸ್ತೆಗೆ 20 ಸೆಕೆಂಡು ಸಾಕು. 0.8ರ ವೇಗದ ಮುದುಕರಿಗೆ 30 ಬೇಕು. ನಡುವೆ ನಿಂತು ಉಸಿರು ತೆಗೆದುಕೊಳ್ಳಲು ಡಿವೈಡರಿನಲ್ಲಿ ಒಂದೂವರೆ ಮೀಟರ್ ಕಟ್ಟೆಯಿದ್ದರೆ ಎರಡು ಕಂತಿನಲ್ಲಿ ದಾಟಬಹುದು. ನಗರ ಪೊಲೀಸರು ಕೆಲವು ಕಡೆ ಗುಂಡಿ ಒತ್ತಿದರೆ ವಾಹನ ನಿಲ್ಲಿಸುವ ಪೆಲಿಕನ್ ಸಿಗ್ನಲ್ ಹಾಕಿಸಿದ್ದಾರೆ, ಒಳ್ಳೆಯ ಹೆಜ್ಜೆ. ಅದೇ ಹೊತ್ತಿನಲ್ಲಿ ಇನ್ನೊಂದು ಕೈ ಬೇರೆ ಕೆಲಸ ಮಾಡುತ್ತಿದೆ. ಜಂಕ್ಷನ್‌ಗಳನ್ನು ಮುಚ್ಚಿ ಮುಂದೆ ಯೂ-ಟರ್ನ್ ಕೊಟ್ಟರೆ ವಾಹನ ಎಲ್ಲೂ ನಿಲ್ಲದೆ ಹರಿಯುತ್ತದೆ. ವಾಹನ ನಿಲ್ಲದ ಕಡೆ ಮನುಷ್ಯ ಯಾವಾಗ ದಾಟಬೇಕು? ಎಡಕ್ಕೆ ತಿರುಗುವವರು ಸಿಗ್ನಲ್ಲಿಗೆ ಕಾಯಬೇಕಿಲ್ಲದ ‘ಫ್ರೀ ಲೆಫ್ಟ್’ ಅಂತೂ ಈ ಊರಿನಲ್ಲಿ ಹಕ್ಕೇ ಆಗಿಬಿಟ್ಟಿದೆ. ಪಾದಚಾರಿಗೆ ಹಸಿರು ಬಿದ್ದಾಗಲೂ ಎಡಗಡೆಯಿಂದ ಬೈಕುಗಳ ಹೊಳೆ ನಿಲ್ಲುವುದಿಲ್ಲ.

2022ರ ಅಕ್ಟೋಬರ್‌ನಲ್ಲಿ ನಗರದ ಸಂಚಾರ ಪೊಲೀಸರು ‘ಆಪರೇಷನ್ ರೋಪ್’ ಶುರು ಮಾಡಿದಾಗ ಪ್ರಕಟಿಸಿದ ದಂಡದ ಪಟ್ಟಿಯನ್ನು ಒಮ್ಮೆ ಹತ್ತಿರದಿಂದ ನೋಡಿ. ಸಿಗ್ನಲ್ಲಿನ ಗೆರೆ ದಾಟಿ ನಿಂತರೆ 100 ರೂಪಾಯಿ. ಪಾದಚಾರಿಗಳಿಗೆ ಅಡ್ಡವಾಗುವಂತೆ ಗಾಡಿ ನಿಲ್ಲಿಸಿದರೆ 600. ಫ್ರೀ ಲೆಫ್ಟಿಗೆ ಅಡ್ಡವಾದರೆ 1000. ಗೆರೆ ದಾಟಿ ನಿಂತ ಗಾಡಿ ನಿಲ್ಲುವುದು ಜೀಬ್ರಾ ಪಟ್ಟೆಯ ಮೇಲೆ. ಅಂದರೆ ನಡೆಯುವವರ ಜಾಗದ ಮೇಲೆ. ಅದರ ಬೆಲೆ ನೂರು, ಗಾಡಿಗಳ ಎಡತಿರುವಿನ ಬೆಲೆ ಅದರ ಹತ್ತರಷ್ಟು. ಒತ್ತುವರಿ ತೆರವು ಆ ಕಾರ್ಯಾಚರಣೆಯ ಒಳ್ಳೆಯ ಭಾಗ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಊರು ಯಾರ ಸಮಯಕ್ಕೆ ಎಷ್ಟು ಬೆಲೆ ಕಟ್ಟಿದೆ ಎಂಬುದನ್ನು ಈ ಮೂರು ಅಂಕಿಗಳಿಗಿಂತ ಸ್ಪಷ್ಟವಾಗಿ ಯಾವ ನೀತಿಪತ್ರವೂ ಹೇಳಿಲ್ಲ.

ವೇಗದ ಮಾತಿಗೆ ಬರೋಣ, ಮಿಕ್ಕಿದ್ದೆಲ್ಲ ಅದರ ಸುತ್ತ ತಿರುಗುವಂಥದು. ಗಂಟೆಗೆ 30 ಕಿ.ಮೀ.ನಲ್ಲಿ ಬರುವ ಕಾರಿಗಿಂತ 50ರಲ್ಲಿ ಬರುವ ಅದೇ ಕಾರಿನ ಹೊಡೆತದ ಶಕ್ತಿ ಸುಮಾರು 2.8 ಪಟ್ಟು ಹೆಚ್ಚು. 50ರ ವೇಗದಲ್ಲಿ ಚಾಲಕ ನೋಡಿ ಬ್ರೇಕಿನ ಮೇಲೆ ಕಾಲಿಡುವ ಒಂದು ಸೆಕೆಂಡಿನಲ್ಲೇ ಕಾರು 14 ಮೀಟರ್ ಮುಂದೆ ಬಂದಿರುತ್ತದೆ. 2020ರ ಸ್ಟಾಕ್‌ಹೋಮ್ ಘೋಷಣೆ ಜನ ಮತ್ತು ವಾಹನ ಬೆರೆಯುವ ಕಡೆ 30ರ ಮಿತಿ ಇರಲಿ ಎಂದದ್ದು ಈ ಕಾರಣಕ್ಕೆ. ಫಲಕ ನೆಟ್ಟರೆ ವೇಗ ಇಳಿಯದು. ಅಗಲವಾದ, ನೇರವಾದ, ನುಣುಪಾದ ರಸ್ತೆ ಫಲಕದ ಮಾತನ್ನು ಕೇಳಗೊಡುವುದಿಲ್ಲ. ಗಚ್ಚಿಬೌಲಿಯ ಬಯೋಡೈವರ್ಸಿಟಿ ಜಂಕ್ಷನ್ನಿನ ಫ್ಲೈಓವರ್ 2019ರ ನವೆಂಬರ್ 4ರಂದು ತೆರೆಯಿತು. 40ರ ಮಿತಿ ಇದ್ದ ತಿರುವಿನಲ್ಲಿ ನವೆಂಬರ್ 23ರಂದು ಅತಿವೇಗದ ಕಾರೊಂದು ತಡೆಗೋಡೆ ಹಾರಿ ಕೆಳಗೆ ಬಿತ್ತು. ಕೆಳಗೆ ರಸ್ತೆಬದಿಯಲ್ಲಿ ನಿಂತಿದ್ದ ಹೆಣ್ಣುಮಗಳು ಸತ್ತಳು. ಮೇಲಿನ ಫ್ಲೈಓವರಿಗೂ ಅವಳಿಗೂ ಯಾವ ಸಂಬಂಧವೂ ಇರಲಿಲ್ಲ. 2023ರ ಜುಲೈನಲ್ಲಿ ನಗರದ ಪಶ್ಚಿಮ ಅಂಚಿನಲ್ಲಿ ಬೆಳಗಿನ ವಾಕಿಂಗ್ ಹೊರಟವರ ಮೇಲೆ ಕಾರು ಹರಿದು ಪ್ರಾಣಗಳೇ ಹೋದವು. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅದರಲ್ಲಿ ಪಾದಚಾರಿಗಳು 32,825. ಐದರಲ್ಲಿ ಒಬ್ಬರು.

ಹಾಗಾದರೆ ಒಂದು ರಸ್ತೆಯನ್ನು ಹೊಸದಾಗಿ ಹಂಚುವುದು ಹೇಗೆ? ಕಟ್ಟಡದಿಂದ ಕಟ್ಟಡಕ್ಕೆ 30 ಮೀಟರ್ ಇರುವ ರಸ್ತೆ ಎಂದಿಟ್ಟುಕೊಳ್ಳಿ. ಎರಡೂ ಬದಿಗೆ 3 ಮೀಟರ್ ಫುಟ್‌ಪಾತು ಬಿಡಿ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಅಂಗಡಿ ಬೀದಿಗೆ ಹೇಳುವ ಎರಡೂವರೆಗಿಂತ ತುಸು ಹೆಚ್ಚು. ಅದರ ಪಕ್ಕ 2 ಮೀಟರಿನ ಪಟ್ಟಿ: ಮರ, ದೀಪದ ಕಂಬ, ಟ್ರಾನ್ಸ್‌ಫಾರ್ಮರ್, ಬಸ್ ಸ್ಟಾಪು, ತಳ್ಳುಗಾಡಿ ಎಲ್ಲವೂ ಇಲ್ಲೇ. ಅದರಾಚೆ 2.2 ಮೀಟರ್ ಸೈಕಲ್ಲಿಗೆ. ಒಂದು ಬದಿಗೆ 7.2, ಎರಡೂ ಸೇರಿ 14.4. ನಡುವೆ ದಾಟುವವರು ನಿಲ್ಲಬಹುದಾದ 1.2 ಮೀಟರ್ ಕಟ್ಟೆ, ಜೀಬ್ರಾ ಇರುವಲ್ಲಿ ಅದನ್ನು ಅಗಲಿಸಿ. ತಲಾ 3 ಮೀಟರಿನ ನಾಲ್ಕು ಲೇನು, ಒಟ್ಟು 12. ಉಳಿದ 2.4 ಮೀಟರ್ ಒಂದು ಬದಿಯಲ್ಲಿ ಆಟೋ ಸ್ಟ್ಯಾಂಡಿಗೆ, ಸರಕು ಇಳಿಸುವ ಗಾಡಿಗೆ. ಮೂವತ್ತಕ್ಕೆ ಮೂವತ್ತು. ಯಾವ ಮನೆಯನ್ನೂ ಒಡೆಯಬೇಕಿಲ್ಲ, ಕಾರಿಗೂ ಎರಡೆರಡು ಸಾಲು ಉಳಿಯುತ್ತದೆ. ಕಳೆದುಹೋಗುವುದು ರಸ್ತೆಬದಿಯ ಬಿಟ್ಟಿ ಪಾರ್ಕಿಂಗ್ ಒಂದೇ, ಜಗಳವೂ ಅದಕ್ಕೇ.

ಕಾಗದದ ಮೇಲೆ ಸಲೀಸು. ಹೈದರಾಬಾದಿನ ರಸ್ತೆ ಒಂದು ಫರ್ಲಾಂಗಿನಲ್ಲಿ 30 ಇದ್ದದ್ದು ಮುಂದೆ ದರ್ಗಾವೋ ಗುಡಿಯೋ ಹಳೆಯ ಬಂಗಲೆಯೋ ಬಂದು 18ಕ್ಕೆ ಇಳಿಯುತ್ತದೆ. ಇಕ್ಕಟ್ಟು ಬಂದಾಗ ಏನನ್ನು ಮೊದಲು ಬಿಡುತ್ತೀರಿ ಎಂಬುದರಲ್ಲಿ ಯೋಜಕನ ಮನಸ್ಸು ಗೊತ್ತಾಗುತ್ತದೆ. ಈಗಿನ ರೂಢಿಯಲ್ಲಿ ಮೊದಲು ಹೋಗುವುದು ಫುಟ್‌ಪಾತು, ಕೊನೆಗೆ ಹೋಗುವುದು ಲೇನು. ಅದನ್ನು ತಿರುಗಿಸಿ, ಮೊದಲು ಪಾರ್ಕಿಂಗ್ ಬಿಡಿ, ಆಮೇಲೆ ಒಂದು ಲೇನು ಬಿಡಿ, ಸೈಕಲ್ಲು ಕಾರುಗಳ ಜೊತೆ ಬೆರೆಯಬೇಕಾದರೆ ಅಷ್ಟು ದೂರ ವೇಗವನ್ನು 30ಕ್ಕೆ ಇಳಿಸಿ. ಫುಟ್‌ಪಾತನ್ನು ಮುಟ್ಟಬೇಡಿ. ಮೆಟ್ರೊ ಕೆಳಗಿನ ರಸ್ತೆಗಳಲ್ಲಿ ಇನ್ನೊಂದು ತೊಡಕಿದೆ: ಕಂಬಗಳು ನಡುವಿನ ಜಾಗ ತಿಂದಿವೆ, ನಿಲ್ದಾಣದ ಮೆಟ್ಟಿಲುಗಳು ಬದಿಯ ಜಾಗಕ್ಕೆ ಇಳಿದಿವೆ. ಕೆಲವು ನಿಲ್ದಾಣಗಳ ಬುಡದಲ್ಲಿ ಕಲ್ಲು ಹಾಸಿ, ಬೆಂಚು ಹಾಕಿ ಚೆಂದ ಮಾಡಿದ್ದಾರೆ. ಎರಡು ನಿಲ್ದಾಣಗಳ ನಡುವಿನ ಒಂದು ಕಿಲೋಮೀಟರ್ ಯಾರದೂ ಅಲ್ಲ.

ಇನ್ನೂ ಸಣ್ಣದೊಂದು ವಿಷಯ, ಬಹುಶಃ ಎಲ್ಲಕ್ಕಿಂತ ದೊಡ್ಡದು: ಫುಟ್‌ಪಾತಿನ ಎತ್ತರ. ಮಾರ್ಗಸೂಚಿಯ ಪ್ರಕಾರ ಅದು ರಸ್ತೆಯಿಂದ 150 ಮಿಲಿಮೀಟರ್ ಮೀರಬಾರದು. ಬೈಕು ಹತ್ತದಿರಲಿ ಎಂದು ಒಂದೂವರೆ ಅಡಿ ಎತ್ತರಿಸಿದವು ಎಷ್ಟೋ ಇವೆ. ಬೈಕು ಹತ್ತಿಯೇ ಹತ್ತುತ್ತದೆ. ಹತ್ತಲಾಗದ್ದು ಗಾಲಿಕುರ್ಚಿ ಮತ್ತು ಮಗುವಿನ ತಳ್ಳುಬಂಡಿ. ಪ್ರತಿ ಮನೆಯ ಗೇಟಿನ ಮುಂದೆ ಕಾರು ಹೊರಬರಲೆಂದು ಫುಟ್‌ಪಾತನ್ನು ಕತ್ತರಿಸಿ ಇಳಿಸುತ್ತಾರೆ. ನೂರು ಅಡಿಯಲ್ಲಿ ಮೂರು ಸಲ ಇಳಿದು ಹತ್ತಬೇಕಾದಾಗ ವಯಸ್ಸಾದವರು ತಾವಾಗಿ ರಸ್ತೆಗೆ ಇಳಿಯುತ್ತಾರೆ. ಪರಿಹಾರ ಬಲು ಸರಳ: ಫುಟ್‌ಪಾತು ಸಮವಾಗಿ ಹೋಗಲಿ, ಗೇಟಿನ ಬಳಿ ಕಾರು ಇಳಿಜಾರು ಹತ್ತಿ ಇಳಿಯಲಿ. ಅಡ್ಡರಸ್ತೆಯ ಬಾಯಲ್ಲೂ ಅಷ್ಟೆ. ಜೀಬ್ರಾವನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತಿದರೆ ಅದು ಹಂಪೂ ಆಗುತ್ತದೆ, ದಾಟುವ ಹಾದಿಯೂ ಆಗುತ್ತದೆ. ಎಡತಿರುವಿನ ಮೂಲೆಯನ್ನು ದುಂಡಗೆ ಬಿಡದೆ ಬಿಗಿಯಾಗಿಸಿದರೆ ಚಾಲಕ ವೇಗ ಇಳಿಸದೆ ತಿರುಗಿಸಲಾರ. ಇವಕ್ಕೆ ಸೌರ ಫಲಕದ ಖರ್ಚು ಬೇಡ, ಗಾರೆಯವನು ಸಾಕು.

ಬೆಂಗಳೂರಿನವರು ಈ ಪಾಠಗಳನ್ನು ಹೈದರಾಬಾದಿಗಿಂತ ಮೊದಲೇ ಕಲಿತರು, ಕೆಲವನ್ನು ಮರೆತೂ ಬಿಟ್ಟರು. ಟೆಂಡರ್ ಶ್ಯೂರ್ ಎಂಬ ರಸ್ತೆ ಮರುವಿನ್ಯಾಸ ಯೋಜನೆಯಲ್ಲಿ 2015ರ ಹೊತ್ತಿಗೆ ಸೇಂಟ್ ಮಾರ್ಕ್ಸ್ ರಸ್ತೆ ಸಿದ್ಧವಾದಾಗ ಇಷ್ಟಗಲ ಫುಟ್‌ಪಾತು ಯಾಕೆ ಎಂದು ಗೊಣಗಿದವರೇ ಹೆಚ್ಚು. ಅಲ್ಲಿನ ನಿಜವಾದ ಸಾಧನೆ ಕಲ್ಲಿನ ಕೆಳಗಿದೆ: ನೀರು, ಚರಂಡಿ, ಕೇಬಲ್, ವಿದ್ಯುತ್ತಿಗೆ ಮೊದಲೇ ಕೊಳವೆ ಹಾಕಿದ್ದರಿಂದ ವರ್ಷವರ್ಷವೂ ಅಗೆಯುವುದು ತಪ್ಪಿತು. ಖರ್ಚು ದುಬಾರಿ ಎಂಬುದು ಸರಿ. ಪದೇ ಪದೇ ಅಗೆದು ಮುಚ್ಚುವ ಖರ್ಚನ್ನು ಯಾರೂ ಲೆಕ್ಕ ಹಾಕುವುದಿಲ್ಲ ಎಂಬುದೂ ಸರಿ. 2018ರಲ್ಲಿ ಚರ್ಚ್ ಸ್ಟ್ರೀಟ್ ಹೊಸದಾಯಿತು, 2020ರ ಕೊನೆಯಲ್ಲಿ ಕೆಲವು ತಿಂಗಳು ವಾರಾಂತ್ಯಕ್ಕೆ ವಾಹನ ನಿಲ್ಲಿಸಿದರು, ಆಮೇಲೆ ಮತ್ತೆ ವಾಹನಗಳು ಬಂದವು. ಜಯನಗರದಲ್ಲಿ ಬಣ್ಣ ಬಳಿದು ಮಾಡಿದ ಸೈಕಲ್ ಪಟ್ಟಿ ಪಾರ್ಕಿಂಗ್ ಆಯಿತು. ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಹಾಕಿದ ತಾತ್ಕಾಲಿಕ ಸೈಕಲ್ ಲೇನನ್ನು ಮೆಟ್ರೊ ಕಾಮಗಾರಿ ನುಂಗಿತು. ಬಣ್ಣದ ಗೆರೆಗೆ ಗಾಡಿ ಹೆದರುವುದಿಲ್ಲ, ಕಲ್ಲಿನ ಅಂಚು ಬೇಕು ಎಂಬುದು ಬೆಂಗಳೂರೂ ಹೈದರಾಬಾದೂ ಒಟ್ಟಿಗೆ ಕೊಟ್ಟ ಸಾಕ್ಷಿ. ಮೈಸೂರಿನ ಬಾಡಿಗೆ ಸೈಕಲ್ ಯೋಜನೆ ಟ್ರಿಣ್ ಟ್ರಿಣ್ 2017ರಲ್ಲಿ 450 ಸೈಕಲ್ಲುಗಳೊಂದಿಗೆ ಶುರುವಾದದ್ದು. ಊರು ಚಿಕ್ಕದು, ಸಾಲುಮರ ಇದೆ, ಪ್ರತ್ಯೇಕ ಲೇನಿಲ್ಲದೆಯೂ ಸೈಕಲ್ ಓಡುತ್ತದೆ. ಹೈದರಾಬಾದಿನಲ್ಲೂ ಮೆಟ್ರೊ ಶುರುವಾದ ಅದೇ ವರ್ಷ ನಿಲ್ದಾಣಗಳಲ್ಲಿ ಬಾಡಿಗೆ ಸೈಕಲ್ ಇಟ್ಟರು. ನಿಲ್ದಾಣದಿಂದ ಇಳಿದವನಿಗೆ ಸೈಕಲ್ ಸಿಕ್ಕಿತು, ದಾರಿ ಸಿಗಲಿಲ್ಲ.

ಕೋವಿಡ್ ಕಾಲದಲ್ಲಿ ಕೇಂದ್ರ ಸರ್ಕಾರ ಸೈಕಲ್ಲಿಗಾಗಿ ನಗರಗಳ ನಡುವೆ ಸ್ಪರ್ಧೆ ಏರ್ಪಡಿಸಿತು. 2021ರಲ್ಲಿ ಆರಿಸಿದ ಹನ್ನೊಂದು ನಗರಗಳಲ್ಲಿ ಬೆಂಗಳೂರು ಇತ್ತು, ತೆಲಂಗಾಣದ ವರಂಗಲ್ ಇತ್ತು, ಹೈದರಾಬಾದ್ ಇರಲಿಲ್ಲ. ಆ ಹೊತ್ತಿಗೆ ರಾಜಧಾನಿ ಬೇರೆ ಹುರುಪಿನಲ್ಲಿತ್ತು. 2020ರ ಸೆಪ್ಟೆಂಬರಿನಲ್ಲಿ ದುರ್ಗಂ ಚೆರುವಿನ ಕೇಬಲ್ ಸೇತುವೆ ತೆರೆದು, ಮೊದಮೊದಲು ವಾರಾಂತ್ಯದಲ್ಲಿ ನಡೆಯುವವರಿಗೆ ಬಿಟ್ಟಿತು. 2021ರ ಆಗಸ್ಟ್ 29ರಿಂದ ಟ್ಯಾಂಕ್ ಬಂಡಿನಲ್ಲಿ ಭಾನುವಾರ ಸಂಜೆ ವಾಹನ ನಿಲ್ಲಿಸಿ ‘ಸಂಡೇ ಫಂಡೇ’ ಮಾಡಿತು, ಅಕ್ಟೋಬರಿನಲ್ಲಿ ಚಾರ್‌ಮಿನಾರಿಗೂ ಅಂಥದೊಂದು ಸಂಜೆ ಬಂತು. ಜನ ಜಾತ್ರೆಯಂತೆ ಸೇರಿದರು. ಈ ಊರಿನವರಿಗೆ ನಡೆಯುವ ಆಸೆಯಿಲ್ಲ ಎಂಬ ವಾದ ಅಲ್ಲಿಗೆ ಮುಗಿಯಬೇಕಿತ್ತು. ಕೊಲಂಬಿಯಾದ ಬೊಗೊಟಾದಲ್ಲಿ 1974ರಿಂದ ಭಾನುವಾರಗಳಂದು ನೂರಕ್ಕೂ ಹೆಚ್ಚು ಕಿಲೋಮೀಟರ್ ರಸ್ತೆಯನ್ನು ಸೈಕಲ್ಲಿಗೆ, ಕಾಲಿಗೆ ಬಿಡುತ್ತಾ ಬಂದಿದ್ದಾರೆ. ಅಲ್ಲಿ ಭಾನುವಾರದ ಅಭ್ಯಾಸದ ಜೊತೆಗೆ ವಾರದ ದಿನಗಳಿಗೆ ಕಾಯಂ ಸೈಕಲ್ ದಾರಿಗಳೂ ಬೆಳೆದವು. ಹೈದರಾಬಾದಿನ ಭಾನುವಾರ ಸೋಮವಾರವನ್ನು ತಲುಪಲಿಲ್ಲ.

ಕಾನೂನಿನ ಕೊರತೆ ಈಗ ನೆಪವಾಗಲಾರದು. 2025ರ ಮೇ 14ರಂದು ಸುಪ್ರೀಂ ಕೋರ್ಟ್ ಫುಟ್‌ಪಾತಿನ ಹಕ್ಕು ಸಂವಿಧಾನದ 21ನೇ ವಿಧಿಯ ಬದುಕಿನ ಹಕ್ಕಿನೊಳಗೇ ಇದೆ ಎಂದಿತು. ಅಂಗವಿಕಲರೂ ಬಳಸುವಂತಿರಬೇಕು, ಒತ್ತುವರಿ ತೆಗೆಯಬೇಕು ಎಂದಿತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 138(1ಎ) ಕಲಂ ಪಾದಚಾರಿಗಳಿಗಾಗಿ ನಿಯಮ ಮಾಡುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿತ್ತು. ಅದು ಧೂಳು ತಿನ್ನುತ್ತಿದ್ದುದರಿಂದ ನ್ಯಾಯಾಲಯ 2025ರ ಅಕ್ಟೋಬರಿನಲ್ಲಿ ನಿಯಮ ಮಾಡಿ ಎಂದು ರಾಜ್ಯಗಳಿಗೆ ಗಡುವು ಹಾಕಬೇಕಾಯಿತು. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ರಸ್ತೆ ಇರುವುದು ಜನರ ಓಡಾಟಕ್ಕೆ, ವಾಹನದ ಓಡಾಟಕ್ಕಲ್ಲ ಎಂದು ಆಗಲೇ ಹೇಳಿತ್ತು.

ದುಡ್ಡಿಲ್ಲವೆಂಬ ಮಾತೂ ನಿಲ್ಲದು. 2019ರ ಕೊನೆಯಲ್ಲಿ ಹೈದರಾಬಾದಿನ ನಗರಪಾಲಿಕೆ ಜಿಎಚ್‌ಎಂಸಿ ಸುಮಾರು 709 ಕಿ.ಮೀ. ಮುಖ್ಯರಸ್ತೆಗಳನ್ನು ಐದು ವರ್ಷ ನೋಡಿಕೊಳ್ಳಲು ಖಾಸಗಿ ಗುತ್ತಿಗೆದಾರರಿಗೆ ವಹಿಸಿತು. ಮೊತ್ತ 1,839 ಕೋಟಿ ರೂಪಾಯಿ. ಆ ಗುತ್ತಿಗೆಯಲ್ಲಿ ಫುಟ್‌ಪಾತೂ ಇತ್ತು, ಆದರೆ ಡಾಂಬರಿನ ಪಕ್ಕದ ಬಾಲವಾಗಿ. ಅವಧಿ ಮುಗಿದು ಎರಡನೇ ಹಂತದ ಪ್ರಸ್ತಾವ ಬಂದಿದೆ. ಬೀದಿಯ ಮರುವಿನ್ಯಾಸಕ್ಕೆ ಪ್ರತ್ಯೇಕ ಯೋಜನೆ, ಪ್ರತ್ಯೇಕ ಹೆಸರು, ಪ್ರತ್ಯೇಕ ಶಿಲಾನ್ಯಾಸ ಯಾವುದೂ ಬೇಕಿಲ್ಲ; ಈ ಟೆಂಡರಿನಲ್ಲಿ ನಾಲ್ಕು ಸಾಲು ಬೇಕು. ಡಾಂಬರು ಹಾಕುವ ಮೊದಲು ಫುಟ್‌ಪಾತು ಮುಗಿದಿರಬೇಕು. ಎತ್ತರ 150 ಮಿಲಿಮೀಟರ್ ಮೀರಿದರೆ ಬಿಲ್ಲು ಪಾಸಾಗಬಾರದು. ಗೇಟುಗಳ ಮುಂದೆ ಫುಟ್‌ಪಾತು ಇಳಿಯಬಾರದು. ಅಳತೆಗೆ ಬರುವ ಎಂಜಿನಿಯರು ಜೀಪಿನಿಂದ ಇಳಿದು, ಗಾಲಿಕುರ್ಚಿಯೊಂದನ್ನು ತಳ್ಳಿಕೊಂಡು, ಗುತ್ತಿಗೆಯ ರಸ್ತೆಯನ್ನು ಈ ತುದಿಯಿಂದ ಆ ತುದಿಗೆ ಎಲ್ಲೂ ಡಾಂಬರಿಗೆ ಇಳಿಯದೆ ಮುಗಿಸಿದ ಮೇಲೆಯೇ ರುಜು ಹಾಕಬೇಕು.